ಮುರಿಗೆಪ್ಪನ ನಾಲ್ಕು ಫ್ಲ್ಯಾಶು ಮತ್ತು ಒಂದು ನಿಶ್ಚಯ

ಲಂಡನ್ನಿನ ಕ್ವೀನ್ಸ್‌ಬರಿಯ ಮುರಿಗೆಪ್ಪನ ಮನೆಗೆ ಹೋದವರು ಹಮ್ಮಿಂಗ್‌ಬರ್ಡ್ ನೋಡದೆ ಚಹಾ ಕುಡಿದದ್ದಿಲ್ಲ. ಅವನ ಹೆಂಡತಿ ಉಷಾ ಕಪ್ಪು ಬಸಿ ಹಿಡಿದು ನಿಂತೇ ಇರುತ್ತಿದ್ದಳು. ಆದರೆ ಬಂದವರು ಮೊದಲು ಮುಂದಿನ ಕೋಣೆಯ ಗೋಡೆಯ ಎದುರು ನಿಂತು ಅಲ್ಲಿ ತೂಗುಹಾಕಿದ ಫೋಟೋ ನೋಡಬೇಕು, ನೋಡಿ "ಅಬ್ಬಾ" ಅನ್ನಬೇಕು. ಅನ್ನದಿದ್ದರೆ ಅನ್ನುವ ತನಕ ಅವನು ವಿವರಿಸುತ್ತಿದ್ದ. ಚಹಾ ಆರಿ ಕೆನೆ ಕಟ್ಟುತ್ತಿತ್ತು.

ಫೋಟೋ ಚೆನ್ನಾಗಿಯೇ ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಹೆಬ್ಬೆರಳಿನಷ್ಟು ಹಸಿರು ಹಕ್ಕಿ ಕೆಂಪು ಹೂವಿನ ಮುಂದೆ ಗಾಳಿಯಲ್ಲೇ ನಿಂತಿದೆ. ರೆಕ್ಕೆಯ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಾಣುತ್ತದೆ. ಪಾರ್ಕ್ ರಾಯಲ್‌ನ ಚೂಡಾ ಚಕ್ಕುಲಿ ಕಾರ್ಖಾನೆಯಲ್ಲಿ ಮುರಿಗೆಪ್ಪನ ಜೊತೆ ಕೆಲಸ ಮಾಡುವ ಟ್ರಿನಿಡಾಡಿನ ಗೆಳೆಯನೊಬ್ಬ ಒಂದು ರಜೆಯಲ್ಲಿ ಗಂಡ ಹೆಂಡತಿಯನ್ನು ತನ್ನ ಊರಿಗೆ ಕರೆದೊಯ್ದಿದ್ದ. ಎಲ್ಲರೂ ಸಮುದ್ರ ನೋಡಿದರು. ಮುರಿಗೆಪ್ಪ ಮಾತ್ರ ಗೆಳೆಯನ ಅತ್ತೆಯ ಮನೆಯ ಪಡಸಾಲೆಯಲ್ಲಿ, ಸಕ್ಕರೆ ನೀರಿನ ಬಾಟಲಿಯ ಮುಂದೆ, ರಜೆ ಮುಗಿಯುವ ತನಕ ಕುಳಿತ. ಸುರುಳಿ ಮೇಲೆ ಸುರುಳಿ ಫಿಲ್ಮ್ ಖಾಲಿಯಾಯಿತು. ಕೆಲವದರಲ್ಲಿ ಬಾಲ ಬಂತು, ಕೆಲವದರಲ್ಲಿ ಬರೀ ಬಾಟಲಿ ಬಂತು, ಒಂದರಲ್ಲಿ ಗೆಳೆಯನ ಅತ್ತೆಯ ಕಿವಿ ಬಂತು. ಒಂದೇ ಒಂದರಲ್ಲಿ ಹಕ್ಕಿ ಬಂತು. ಆ ಒಂದರಿಂದ ಮುರಿಗೆಪ್ಪನ ತಲೆ ತಿರುಗಿತು.

"ಆ ಹಕ್ಕಿ ಸೆಕೆಂಡಿಗೆ ಐವತ್ತು ಸಲ ರೆಕ್ಕಿ ಬಡಿತೈತಿ," ಎಂದು ಬಂದವರಿಗೆ ಅವನು ಹೇಳುತ್ತಿದ್ದ. "ಶಟರ್ ಎಷ್ಟು ಜೋರ ಓಡಿದ್ರೂ ಸಾಲೂದಿಲ್ಲ. ಸುತ್ತ ಬೆಳಕ ಇರಬಾರದು. ಹಿಂದ ಎಲಿ ಹೂವ ಬರದ ಹಲಗಿ ಇಡಬೇಕು, ಇಲ್ಲಂದ್ರ ಎಲ್ಲಾ ಕಪ್ಪ ಬರ್ತೈತಿ. ಮುಂದ ಸಕ್ಕರಿ ಇಡಬೇಕು. ಒಂದು ಮೊಳ ದೂರದಾಗ ನಾಲ್ಕು ಫ್ಲ್ಯಾಶ್ ನಿಲ್ಲಿಸಬೇಕು. ಹಕ್ಕಿ ಸಕ್ಕರಿಗೆ ಬಾಯಿ ಹಾಕಿತೋ, ಹೊಡೀಬೇಕು! ಆ ಬೆಳಕ ಸೆಕೆಂಡಿನ ಹತ್ತು ಸಾವಿರದಾಗ ಒಂದು ಪಾಲು ಇರ್ತೈತಿ. ಅಷ್ಟರಾಗ ಯಮ ಬಂದ್ರೂ ಅಲಗ್ಯಾಡಾಕ ಆಗೂದಿಲ್ಲ."

ಇಷ್ಟಕ್ಕೇ ಅವನು ನಿಂತಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಸ್ಟ್ಯಾನ್ಮೋರಿನ ಪರದೆಯ ಹಿಂದೆ ಅಷ್ಟೊಂದು ಕಿರುಚಾಟವೂ ಆಗುತ್ತಿರಲಿಲ್ಲ.

ಮುರಿಗೆಪ್ಪನ ಅಣ್ಣ ಬಸವಂತಪ್ಪ ಕ್ವೀನ್ಸ್‌ಬರಿಯಲ್ಲೇ ಕಿರಾಣಿ ಅಂಗಡಿ ಇಟ್ಟವನು. ಅವನ ಮಗಳು ಐಶ್ವರ್ಯಾಗೆ ಸ್ಟ್ಯಾನ್ಮೋರಿನ ಡಾಕ್ಟರ್ ಉಮಾಶಂಕರರ ಮಗ ರೋಹನನ ಜೊತೆ ಸಂಬಂಧ ಕೂಡಿಬಂದಿತ್ತು. ಕೂಡಿಬಂದಿತ್ತು ಅಂದರೆ, ಹುಡುಗ ಹುಡುಗಿ ಕಾಲೇಜಿನಿಂದಲೇ ಕೂಡಿದ್ದರು. ಹಿರಿಯರು ತಾವೇ ಹುಡುಕಿದಂತೆ ಮುಖ ಮಾಡಿಕೊಂಡು ಒಪ್ಪಿದ್ದರು. ಉಳಿದದ್ದು ಒಬ್ಬರ ಒಪ್ಪಿಗೆ: ಬಿಜಾಪುರದಲ್ಲಿರುವ ಡಾಕ್ಟರರ ತಾಯಿ ವಿಶಾಲಾಕ್ಷಮ್ಮ. ಆಕೆಯ ಮಾತಿಲ್ಲದೆ ಆ ಮನೆಯಲ್ಲಿ ಒಂದು ಸೋಫಾ ಕೂಡ ಕೊಂಡಿದ್ದಿಲ್ಲ.

"ಥಂಡ್ಯಾಗ ನಾ ಬರೂದಿಲ್ಲ," ಎಂದು ಆಕೆ ಫೋನಿನಲ್ಲಿ ಹೇಳಿದ್ದರು. "ಸಕ್ಕರಿ ಶಾಸ್ತ್ರ ಮಾಡಿ ಫೋಟೋ ಕಳಸ್ರಿ. ಹುಡುಗಿ ಮುಖ, ಬೀಗರ ಮುಖ ನೋಡಿ ಮದುವಿ ತಾರೀಖ ಹೇಳ್ತೀನಿ."

ಬಾಯಿಗೆ ಸಕ್ಕರೆ ಹಾಕಿ ನಿಶ್ಚಯ ಮಾಡುವುದು ಅವರ ಕಡೆಯ ಪದ್ಧತಿ. ಫೋಟೋಕ್ಕೆ ವೆಂಬ್ಲಿಯಿಂದ ಒಬ್ಬನನ್ನು ಕರೆಸೋಣ ಎಂದು ಉಮಾಶಂಕರರು ಮಾತು ತೆಗೆದದ್ದೇ ತಡ, ಮುರಿಗೆಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು.

"ರೆಕ್ಕಿ ಬಡಿಯೂ ಹಕ್ಕೀನ ಹಿಡದೀನ್ರಿ ಡಾಕ್ಟರ, ಕುಂತ ಮಂದೀನ ಹಿಡ್ಯಾಕ ಆಗೂದಿಲ್ಲೇನು?"

ಈ ಪ್ರಶ್ನೆಗೆ ಉತ್ತರವಿತ್ತು. ಅಂದು ಅದು ಯಾರಿಗೂ ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನ ಸ್ಟ್ಯಾನ್ಮೋರಿನ ಮನೆ ತುಂಬ ರೇಷ್ಮೆ ಸೀರೆ, ಮಲ್ಲಿಗೆ, ಹೂರಣದ ವಾಸನೆ. ಮುರಿಗೆಪ್ಪ ಬಂದವನೇ ಪರದೆಗಳನ್ನೆಲ್ಲ ಎಳೆದ. ಜೋಡಿ ಕುರ್ಚಿಯ ಹಿಂದೆ ಎಲೆ ಹೂವಿನ ಹಲಗೆ ನಿಲ್ಲಿಸಿದ. ಕುರ್ಚಿಯಲ್ಲಿ ಕೂತವರ ಮೂಗಿನಿಂದ ಒಂದು ಮೊಳ ದೂರದಲ್ಲಿ ನಾಲ್ಕು ಫ್ಲ್ಯಾಶು ನೆಟ್ಟ. ಹಕ್ಕಿಗೆ ಅಷ್ಟೇ ದೂರ ಇಟ್ಟಿದ್ದನಲ್ಲ, ಮನುಷ್ಯರಿಗೆ ಬೇರೆ ಯಾಕೆ?

"ಇದೇನು ಮುರಿಗೆಪ್ಪ, ಎಕ್ಸ್‌ರೇ ತೆಗೀತಿಯೇನು?" ಎಂದಳು ಅತ್ತಿಗೆ ಗಿರಿಜಾದೇವಿ.

"ವೈನಿ, ನೀವು ಸುಮ್ಮ ಸಕ್ಕರಿ ಹಾಕ್ರಿ. ಹಕ್ಕಿಗೂ ಸಕ್ಕರಿ, ಮಂದಿಗೂ ಸಕ್ಕರಿ. ಎರಡೂ ಒಂದೇ ಕೆಲಸ."

ಐಶ್ವರ್ಯಾ ಬಾಯಿ ತೆರೆದಳು. ಗಿರಿಜಾದೇವಿ ಚಿಟಿಕೆ ಸಕ್ಕರೆ ಎತ್ತಿದಳು. ಕಾಳು ಬೆರಳು ಬಿಟ್ಟು ತುಟಿ ಮುಟ್ಟುವ ಮೊದಲು ನಾಲ್ಕು ಫ್ಲ್ಯಾಶೂ ಒಟ್ಟಿಗೆ ಹೊಡೆದವು.

"ಓ ಮೈ ಗಾಡ್!" ಎಂದು ಮದುಮಗಳು ಕಿರುಚಿದಳು. ತಾಯಿ ಹಿಂದಕ್ಕೆ ಹಾರಿದಳು. ಬಟ್ಟಲಿನ ಸಕ್ಕರೆಯಲ್ಲಿ ಅರ್ಧ ಬಸವಂತಪ್ಪನ ಕಣ್ಣಿಗೆ ಬಿತ್ತು.

"ಭೇಷ್!" ಎಂದ ಮುರಿಗೆಪ್ಪ. "ಇನ್ನೊಂದು!"

ಮೊದಲ ಸಲ ಗೊತ್ತಿಲ್ಲದೆ ಹೆದರಿದರು, ಎರಡನೆಯ ಸಲ ಗೊತ್ತಿದ್ದು ಹೆದರಿದರು. ಗೊತ್ತಿದ್ದವರ ಹೆದರಿಕೆಯೇ ಹೆಚ್ಚಾಗಿತ್ತು. ಉಮಾಶಂಕರರು ಸರದಿ ಬರುವ ಮೊದಲೇ ಎರಡೂ ಕೈ ಮುಖದ ಮುಂದೆ ಎತ್ತಿ ಕೂತರು. ಬಸವಂತಪ್ಪ ಕಣ್ಣೀರು ಸುರಿಸುತ್ತ ಎದೆ ಹಿಡಿದುಕೊಂಡ. ರೋಹನ ಹುಡುಗಿಯ ತೋಳನ್ನು ಬಿಗಿಯಾಗಿ ಹಿಡಿದ. ಅವಳ ಧೈರ್ಯಕ್ಕಲ್ಲ, ತನ್ನ ಧೈರ್ಯಕ್ಕೆ.

ಆಗ ಬಾಗಿಲ ಗಂಟೆ ಬಡಿಯಿತು. ಹೊರಗೆ ಒಬ್ಬ ಪೊಲೀಸ್.

ಪಕ್ಕದ ಮನೆಯ ಮುದುಕಿಗೆ, ಹಾಡುಹಗಲೇ ಪರದೆ ಎಳೆದ ಮನೆಯೊಳಗೆ ಮಿಂಚು ಹೊಡೆದದ್ದು ಕಂಡಿತ್ತು. ಪ್ರತಿ ಮಿಂಚಿಗೂ ಒಂದೊಂದು ಬೇರೆ ದನಿಯಲ್ಲಿ ಚೀತ್ಕಾರ ಕೇಳಿತ್ತು. ಪೊಲೀಸ್ ಬಹಳ ಮರ್ಯಾದೆಯಿಂದ, ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿದ. ಉಮಾಶಂಕರರು ಬೆವರು ಒರೆಸಿಕೊಳ್ಳುತ್ತ ಮಗನ ನಿಶ್ಚಯ ಎಂದು ತಿಳಿಸಿದರು. ಪೊಲೀಸ್ ಅಭಿನಂದಿಸಿದ. ಶುಭದ ದಿನ ಮನೆಗೆ ಬಂದವನನ್ನು ಬಾಯಿ ಸಿಹಿ ಮಾಡದೆ ಕಳಿಸುವುದುಂಟೇ? ಗಿರಿಜಾದೇವಿ ಅವನನ್ನೂ ಕುರ್ಚಿಯಲ್ಲಿ ಕೂರಿಸಿದಳು.

ಫ್ಲ್ಯಾಶು ಹೊಡೆದಾಗ ಅವನು ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಇನ್ನೊಂದು ಹೊಡೆಯುವಷ್ಟರಲ್ಲಿ ಬಾಯಲ್ಲಿ ಸಕ್ಕರೆ ಇಟ್ಟುಕೊಂಡೇ ಓಡಿಹೋದ. ನುಂಗಿದನೋ ಉಗುಳಿದನೋ ಯಾರೂ ನೋಡಲಿಲ್ಲ.

ಮರುದಿನ ಮುರಿಗೆಪ್ಪ ಹೈಸ್ಟ್ರೀಟಿನ ಫೋಟೋ ಅಂಗಡಿಯಲ್ಲಿ ಒಂದು ಗಂಟೆಯೊಳಗೆ ಎರಡೆರಡು ಪ್ರತಿ ಹಾಕಿಸಿದ. ಅಂಗಡಿಯಲ್ಲೇ ನಿಂತು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಕಣ್ಣಲ್ಲಿ ನೀರು ಬಂತು. ಒಂದು ಸೆಟ್ಟನ್ನು ಮನೆಗೆ ತಂದು ಹೆಂಡತಿಯ ಮುಂದೆ ಹರಡಿದ.

ಉಷಾ ಒಂದು ನೋಡಿದಳು, ಎರಡು ನೋಡಿದಳು, ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ರೀ, ಇವು ನಿಶ್ಚಯದ ಫೋಟೋ ಏನ್ರೀ?"

"ಮತ್ತ? ಸಕ್ಕರಿ ಕಾಳು ನೋಡು! ಗಾಳ್ಯಾಗ ನಿಂತಾವ. ಒಂದೂ ಮಸಕಾಗಿ ಬಾಲ ಎಳದಿಲ್ಲ. ಹರಳ ಹರಳಾಗಿ ಬಂದಾವ!"

ಕಾಳುಗಳು ಹರಳಾಗಿಯೇ ಬಂದಿದ್ದವು. ಆದರೆ ಕಾಳಿನ ಹಿಂದೆ ಮುಖಗಳಿದ್ದವು. ಸುತ್ತ ಮಸಿಯಂಥ ಕತ್ತಲು. ಕತ್ತಲಲ್ಲಿ ಕಾಡಿನ ಗಿಡಗಳು. ಗಿಡಗಳ ಮುಂದೆ ಸುಣ್ಣ ಬಳಿದಂತೆ ಬಿಳುಚಿದ ಮುಖಗಳು, ಕಣ್ಣು ಹೊರಬಿದ್ದು, ಬಾಯಿ ಕಿರುನಾಲಗೆ ಕಾಣುವ ತನಕ ತೆರೆದು. ಐಶ್ವರ್ಯಾ ಕಿರುಚುತ್ತಿದ್ದಳು. ಬಸವಂತಪ್ಪ ಅಳುತ್ತಿದ್ದ. ಡಾಕ್ಟರರು ಎರಡೂ ಕೈ ಮೇಲೆತ್ತಿ ಶರಣಾಗಿದ್ದರು. ಕೊನೆಯದರಲ್ಲಿ ಪೊಲೀಸ್ ಓಡುತ್ತಿದ್ದ.

"ಮುಖ ನೋಡಿದ್ರೇನು ನೀವು?"

"ಮುಖ?" ಮುರಿಗೆಪ್ಪ ಬಗ್ಗಿದ. ಮೊದಲ ಬಾರಿಗೆ ಮುಖ ನೋಡಿದ. ಅವನ ಮುಖವೂ ಹಾಗೇ ಆಯಿತು.

"ಇನ್ನೊಂದು ಸೆಟ್ ಎಲ್ಲೈತಿ?"

"ಹೋತು."

"ಎಲ್ಲಿಗೆ ಹೋತು?"

"ಬಿಜಾಪುರಕ್ಕ. ಅಂಗಡಿ ಪಕ್ಕದಾಗ ಪೋಸ್ಟ್ ಆಫೀಸ್ ಇತ್ತು."

ಉಷಾ ಮಹಡಿಯ ಮೆಟ್ಟಿಲ ಮೇಲೆ ಕೂತಳು. ಒಲೆಯ ಮೇಲೆ ಪಲ್ಯ ಸೀದ ವಾಸನೆ ಬಂದರೂ ಏಳಲಿಲ್ಲ.

ಮುಂದಿನ ವಾರ ಉಮಾಶಂಕರರು ಬಸವಂತಪ್ಪನ ಮನೆಗೆ ಕಾರು ಓಡಿಸಿಕೊಂಡು ಬಂದರು. ಅಂಚೆ ಬಿಜಾಪುರ ಮುಟ್ಟಿತ್ತು. "ಅವ್ವ ಎಲ್ಲಾರನ್ನೂ ಒಂದ ಕಡೆ ಕೂಡಸು ಅಂದಾಳ. ಎಲ್ಲಾರಿಗೂ ಕೇಳೂ ಹಂಗ ಫೋನ್ ಹಚ್ಚಬೇಕಂತ," ಎಂದು ಸ್ಪೀಕರ್ ಒತ್ತಿದರು. ಎರಡು ಮನೆಯವರೂ ಮೇಜಿನ ಸುತ್ತ ಆರೋಪಿಗಳಂತೆ ಕೂತರು.

"ಉಮ್ಯಾ," ಎಂದಿತು ಫೋನು. "ಖರೇ ಹೇಳು. ಅಮಾಸಿ ರಾತ್ರಿ ಅಡವ್ಯಾಗ ಯಾಕ ನಿಶ್ಚಯ ಮಾಡಿದ್ರಿ?"

"ಅಡವಿ ಅಲ್ಲವ್ವಾ, ನಮ್ಮ ಮನ್ಯಾಗ. ಮಧ್ಯಾಹ್ನ ಒಂದು ಗಂಟೆಕ."

"ನನಗ ಕಣ್ಣಿಲ್ಲೇನು? ಗಿಡ ಕಾಣ್ತಾವ, ಕತ್ತಲಿ ಕಾಣ್ತೈತಿ. ಆ ಹುಡುಗಿ ಬಾಯಾಗ ಸಕ್ಕರಿ ಹಾಕಿದ್ರೋ ಕೆಂಡ ಹಾಕಿದ್ರೋ? ರೋಹನ್ಯಾ ಆಕಿ ತೋಳ ಹಿಡಕೊಂಡಾನ, ಓಡಿ ಹೋಗದಂಗ. ಆಕಿ ಅಪ್ಪ ಎದಿ ಹಿಡಕೊಂಡ ಅಳಾಕತ್ತಾನ. ನೀ ಯಾಕ ಕೈ ಮ್ಯಾಲೆತ್ತಿ? ಯಾರರ ಪಿಸ್ತೂಲ ತೋರಿಸಿದ್ರೇನು?"

"ಇಲ್ಲವ್ವಾ, ಅದು ಫ್ಲ್ಯಾಶ್..."

"ಮತ್ತ ಪೊಲೀಸ ಯಾಕ ಬಂದಿದ್ದ?"

ಎಲ್ಲರೂ ಎಲ್ಲರ ಮುಖ ನೋಡಿದರು.

"ಅವ... ಸಕ್ಕರಿ ತಿಂದು ಹೋದನವ್ವಾ."

ಇಷ್ಟು ನಿಜವಾದ ಮಾತು ಇಷ್ಟು ಸುಳ್ಳಾಗಿ ಕೇಳಿಸಿದ್ದು ಆ ಮನೆಯಲ್ಲಿ ಅದೇ ಮೊದಲು.

"ಒಲ್ಲದ ಹುಡುಗೀನ ನಮ್ಮ ಮನಿಗೆ ತರೂದು ಬ್ಯಾಡ. ತಾರೀಖ ಹಿಡೀಬ್ಯಾಡ್ರಿ. ವೀಸಾ ಹೋದ ವರ್ಷನ ಆಗೈತಿ, ನಾನ ಬರ್ತೀನಿ. ಆಕಿ ಬಾಯಿಂದ ಕೇಳ್ತೀನಿ. ಇಲ್ಲಂದ್ರ ಅಲ್ಲೇ ಮುರದ ಬರ್ತೀನಿ."

ಫೋನು ಸತ್ತಿತು. ಐಶ್ವರ್ಯಾ ನಿಧಾನವಾಗಿ ತಿರುಗಿದಳು. "ಕಾಕಾ, ಐ ಆಮ್ ಗೋಯಿಂಗ್ ಟು ಕಿಲ್ ಯೂ," ಎಂದಳು. ದನಿಯಲ್ಲಿ ತಮಾಷೆ ಇರಲಿಲ್ಲ. ರೋಹನ ಅವಳಿಗೆ ಟಿಶ್ಯೂ ಕೊಟ್ಟ. ತಾನೂ ಒಂದು ತೆಗೆದುಕೊಂಡ.

"ಏ ಮುರಿಗ್ಯಾ," ಎಂದ ಬಸವಂತಪ್ಪ. "ನಿನ್ನ ಹಕ್ಕಿ ನನ್ನ ಮಗಳ ಬಾಳೇವಾ ತಿಂತು."

ಮುರಿಗೆಪ್ಪ ಬಾಯಿ ತೆರೆದ. ಜೀವನದಲ್ಲಿ ಮೊದಲ ಸಲ ಅದರಿಂದ ಹಮ್ಮಿಂಗ್‌ಬರ್ಡ್ ಹೊರಬರಲಿಲ್ಲ.

ಉಪಾಯ ಬಸವಂತಪ್ಪನದೇ. ಮುದುಕಿ ಅಳುಮುಖ ನೋಡಿ ಸಂಶಯ ಪಟ್ಟಿದ್ದಾಳೆ, ಆದ್ದರಿಂದ ಬಂದ ಕ್ಷಣದಿಂದ ನಗುಮುಖ ಬಿಟ್ಟು ಬೇರೇನೂ ತೋರಿಸಬಾರದು. ಎಲ್ಲರೂ ನಗಬೇಕು. ಬಿಡದೆ ನಗಬೇಕು. ಗಿರಿಜಾದೇವಿ ಅಡಿಗೆಮನೆಯ ಕಿಟಕಿ ಗಾಜಿನಲ್ಲಿ ನೋಡಿಕೊಂಡು ಅಭ್ಯಾಸ ಮಾಡಿದಳು. ಕಸದ ಗಾಡಿಯವನು ತನಗೇ ನಕ್ಕಳೆಂದುಕೊಂಡು ಕೈ ಬೀಸಿ ಹೋದ.

ಹೀಥ್ರೋದಲ್ಲಿ ಗಾಲಿಕುರ್ಚಿಯಲ್ಲಿ ಇಳಕಲ್ ಸೀರೆ, ಉಣ್ಣೆ ಟೊಪ್ಪಿಗೆ, ದಪ್ಪ ಕನ್ನಡಕದ ವಿಶಾಲಾಕ್ಷಮ್ಮ ಹೊರಬಂದರು. ಎದುರಿಗೆ ಎರಡು ಮನೆಯವರು ಸಾಲಾಗಿ ನಿಂತು ಹಲ್ಲು ಬಿಟ್ಟಿದ್ದರು. ಮುದುಕಿ ಈ ತುದಿಯಿಂದ ಆ ತುದಿಗೆ ನೋಡಿದರು.

"ಯಾಕ, ಎಲ್ಲಾರಿಗೂ ಹಲ್ಲು ನೋಯ್ತಾವೇನು?"

ಯಾರೂ ಉತ್ತರಿಸಲಿಲ್ಲ, ಉತ್ತರಿಸಿದರೆ ತುಟಿ ಮುಚ್ಚಬೇಕಾಗುತ್ತಿತ್ತು.

"ಇಷ್ಟು ನಗಾಕತ್ತೀರಂದ್ರ," ಎಂದರು ಮುದುಕಿ, "ಮುಚ್ಚೂದು ಭಾಳ ಐತಿ."

ಸ್ಟ್ಯಾನ್ಮೋರಿನ ಮನೆಗೆ ಬಂದು ಕೈಕಾಲು ತೊಳೆದು ಮುದುಕಿ ನಡುಕೋಣೆಯಲ್ಲಿ ಕೂತರು. ಐಶ್ವರ್ಯಾಳನ್ನು ಹತ್ತಿರ ಕರೆದು ಕೈ ಹಿಡಿದರು.

"ಮಗಳ, ಹೆದರಬ್ಯಾಡ. ರೋಹನ್ಯಾ ನಿನಗ ಒಪ್ಪಿಗಿ ಐತೇನು?"

"ಆಯಿ, ನಂಗೆ ರೋಹನ್ ಇಷ್ಟ. ರಿಯಲಿ," ಎಂದಳು ಹುಡುಗಿ, ಹಲ್ಲು ಬಿಟ್ಟುಕೊಂಡೇ.

"ನಗೂದು ಬಿಟ್ಟು ಹೇಳು."

"ಬಿಟ್ರೆ ಅಪ್ಪ ಬೈತಾರೆ."

ಕೋಣೆಯಲ್ಲಿ ಎಲ್ಲರ ನಗು ಒಟ್ಟಿಗೇ ಬಿದ್ದುಹೋಯಿತು. ಬಸವಂತಪ್ಪ ಸೋಫಾದ ತೋಳು ಹಿಡಿದುಕೊಂಡ. ವಿಶಾಲಾಕ್ಷಮ್ಮ ತಲೆ ಆಡಿಸಿದರು, ತಾವು ಅಂದುಕೊಂಡದ್ದೇ ಆಯಿತು ಎನ್ನುವಂತೆ.

ಇನ್ನು ಸುಮ್ಮನಿರುವುದು ಮುರಿಗೆಪ್ಪನಿಂದ ಆಗಲಿಲ್ಲ. ಹಿಂದಿನ ಸಾಲಿನಿಂದ ಮುಂದೆ ಬಂದು ಕೈ ಮುಗಿದ.

"ಅವ್ವಾರ, ತಪ್ಪೆಲ್ಲ ನಂದ್ರಿ. ಫೋಟೋ ತೆಗದಾಂವ ನಾನು. ಹಮ್ಮಿಂಗ್‌ಬರ್ಡ್ ತೆಗಿಯೂ ಪದ್ಧತಿಲೆ ತೆಗದೆ. ಅದು ಸೆಕೆಂಡಿಗೆ ಐವತ್ತು ಸಲ ರೆಕ್ಕಿ ಬಡಿತೈತ್ರಿ, ಅದಕ್ಕ ಫ್ಲ್ಯಾಶ್..."

"ನಮ್ಮ ಮಂದಿ ಏನು ರೆಕ್ಕಿ ಬಡ್ಯಾಕತ್ತಿದ್ರೇನೋ ತಮ್ಮಾ?"

ಮುರಿಗೆಪ್ಪ ಯೋಚಿಸಿದ. "ಇಲ್ರಿ," ಎಂದ.

"ಬೆಳಕು ಹೊಡದ್ರ ಮನಷ್ಯಾರು ಹಂಗ ಬಾಯಿ ಬಿಡ್ತಾರೇನು? ತೋರಸು."

ಮುರಿಗೆಪ್ಪನಿಗೆ ಹೋದ ಜೀವ ಬಂತು. ಉಷಾ ಕಾರಿನಿಂದ ಸಾಮಾನು ತರಲು ಕೈ ಹಚ್ಚಿದಳು. ಪರದೆ ಎಳೆದದ್ದಾಯಿತು, ಹಲಗೆ ನಿಂತಿತು, ನಾಲ್ಕು ಫ್ಲ್ಯಾಶು ಮುದುಕಿಯ ಮೂಗಿನ ಮುಂದೆ ಮೊಳ ದೂರದಲ್ಲಿ ನಿಂತವು. ಗಿರಿಜಾದೇವಿ ಮತ್ತೆ ಸಕ್ಕರೆ ಎತ್ತಿದಳು. ಮುದುಕಿ ಬಾಯಿ ತೆರೆದರು. ಎಲ್ಲರೂ ಆಕೆ ಕಿರುಚಲಿ ಎಂದು ಮನಸ್ಸಿನಲ್ಲೇ ದೇವರನ್ನು ಬೇಡಿದರು. ಮಗ ಉಮಾಶಂಕರರೂ ಬೇಡಿದರು.

ಫ್ಲ್ಯಾಶು ಹೊಡೆದವು. ಗಿರಿಜಾದೇವಿ ಕಿರುಚಿದಳು. ಉಷಾ ಕಿವಿ ಮುಚ್ಚಿಕೊಂಡಳು. ವಿಶಾಲಾಕ್ಷಮ್ಮ ಸಕ್ಕರೆ ಅಗಿಯುತ್ತಿದ್ದರು.

"ಯಾವಾಗ ಹೊಡೀತಿ?" ಎಂದು ಕೇಳಿದರು.

"ಹೊಡದೆ ಅವ್ವಾರ."

"ಹೌದಾ? ಇನ್ನೊಮ್ಮೆ ಹೊಡಿ."

ಇನ್ನೊಮ್ಮೆ ಹೊಡೆದ. ಮುದುಕಿಯ ರೆಪ್ಪೆ ಅಲುಗಲಿಲ್ಲ. ಬಿಜಾಪುರದ ಬಿಸಿಲಲ್ಲಿ ಎಂಬತ್ತು ಬೇಸಿಗೆ ಕಳೆದ ಕಣ್ಣಿಗೆ ಆ ನಾಲ್ಕು ಫ್ಲ್ಯಾಶು ಮಿಣುಕುಹುಳುಗಳಾಗಿದ್ದವು.

"ಇದರಾಗ ಹೆದರೂವಂಥಾದ್ದು ಏನೂ ಇಲ್ಲ," ಎಂದು ಆಕೆ ತೀರ್ಪು ಕೊಟ್ಟರು. "ಅಂದ್ರ ನೀವು ಹೆದರಿದ್ದು ಬ್ಯಾರೆ ಕಾರಣಕ್ಕ. ಸುಳ್ಳಿನ ಮ್ಯಾಲ ಸಂಬಂಧ ಬ್ಯಾಡ. ಉಮ್ಯಾ, ನನ್ನ ಎಬ್ಬಸು. ಇದು ಇಲ್ಲಿಗೆ ಮುಗೀತು."

ಐಶ್ವರ್ಯಾ ರೋಹನನ ಕಡೆ ನೋಡಿದಳು, ರೋಹನ ಅಜ್ಜಿಯ ಕಡೆ, ಅಜ್ಜಿ ಯಾರ ಕಡೆಯೂ ನೋಡಲಿಲ್ಲ. ಉಮಾಶಂಕರರು ಮುಂದೆ ಬಂದರು. ಆಸ್ಪತ್ರೆಯಲ್ಲಿ ಅವರು ವಾರ್ಡಿಗೆ ಕಾಲಿಟ್ಟರೆ ನರ್ಸುಗಳು ಮಾತು ನಿಲ್ಲಿಸುತ್ತಿದ್ದರು, ಅಂಥ ಮನುಷ್ಯ. ತಾಯಿಯನ್ನು ಎಬ್ಬಿಸಲೆಂದು ಆ ನಾಲ್ಕು ಫ್ಲ್ಯಾಶುಗಳ ನಡುವೆ ಮುಖ ಇಟ್ಟು ಬಗ್ಗಿದರು.

ಮುರಿಗೆಪ್ಪನ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಗಾಬರಿಯಲ್ಲಿ ಅದು ಗುಂಡಿ ಒತ್ತಿಬಿಟ್ಟಿತು.

"ಅವ್ವಾ!"

ಕಿರುಚಿದ್ದು ಡಾಕ್ಟರ್ ಉಮಾಶಂಕರರು. ಎರಡೂ ಕೈ ಮೇಲೆದ್ದವು, ಕಣ್ಣು ಹೊರಬಂತು, ಕಿರುನಾಲಗೆ ಕಂಡಿತು. ಮರುಕ್ಷಣ ಅವರು ಮೊಣಕಾಲೂರಿ ತಾಯಿಯ ಇಳಕಲ್ ಸೆರಗಿನೊಳಗೆ ಮುಖ ಹುದುಗಿಸಿದ್ದರು.

ವಿಶಾಲಾಕ್ಷಮ್ಮ ಸೆರಗಿನಲ್ಲಿದ್ದ ಬೋಳುತಲೆಯನ್ನು ನೋಡಿದರು. ಚೀಲದಿಂದ ಫೋಟೋ ತೆಗೆದರು. ಮಗನ ಗದ್ದ ಹಿಡಿದೆತ್ತಿ, ಫೋಟೋವನ್ನು ಪಕ್ಕಕ್ಕೆ ಹಿಡಿದರು.

"ಕೈನೂ ಅದ ಕೈ," ಎಂದರು. "ಬಾಯಿನೂ ಅದ ಬಾಯಿ."

ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಗಿರಿಜಾದೇವಿ ನೀರು ತರಲು ಓಡಿದಳು. ಅಳುತ್ತಿರಲಿಲ್ಲ.

"ಸಣ್ಣಾಂವ ಇದ್ದಾಗ ಸಿಡ್ಲ ಬಡದ್ರ ಹಿಂಗ ಸೆರಗಿನಾಗ ಹೊಗತಿದ್ದ!" ಎಂದು ಮುದುಕಿ ಕಣ್ಣೊರೆಸಿಕೊಂಡರು. "ಡಾಕ್ಟರ ಆದಮ್ಯಾಲ ಬಿಟ್ಟಾನಂತ ತಿಳಕೊಂಡಿದ್ದೆ. ಅವ್ವಯ್ಯ! ಇನ್ನೊಬ್ಬರ್ನ ಕೂಡಸ್ರಿ. ಆ ಅಂಗಡಿ ಬೀಗರ್ನ ಕೂಡಸ್ರಿ!"

ಬಸವಂತಪ್ಪನನ್ನು ಕೂರಿಸಿದರು. ಅವನು ಎದೆ ಹಿಡಿದುಕೊಂಡ. ಮುದುಕಿ ಫೋಟೋ ಜೊತೆ ತಾಳೆ ನೋಡಿ "ಹೌದು" ಎಂದರು. ಗಿರಿಜಾದೇವಿಯನ್ನು ಕೂರಿಸಿದರು, ಹೌದು. ರೋಹನ, ಹೌದು. ಪೊಲೀಸನನ್ನೂ ಕರೆಸಿರೆಂದರು, ಮಗ ಕಾಲು ಹಿಡಿದದ್ದರಿಂದ ಬಿಟ್ಟರು. ಕೊನೆಗೆ ಐಶ್ವರ್ಯಾ ಕೂತಳು. "ಓ ಮೈ ಗಾಡ್!" ಎಂಬುದು ಬೀದಿಗೆ ಕೇಳಿಸುವಂತೆ ಬಂತು.

"ಇದ ಮುಖ!" ಎಂದು ಮುದುಕಿ ಹುಡುಗಿಯ ಎರಡೂ ಕೆನ್ನೆ ಸವರಿ ಲಟಿಕೆ ಮುರಿದರು. "ಸಿಡ್ಲ ಬಡದಂಗ ಆದ್ರೂ ಎದ್ದು ಓಡಲಿಲ್ಲ ನೋಡು. ನನ್ನ ಮಗನಕಿಂತ ಗಟ್ಟಿ ಇದ್ದಾಳ." ಬಟ್ಟಲಿನಲ್ಲಿ ಉಳಿದ ಸಕ್ಕರೆಯನ್ನೆಲ್ಲ ಅವಳ ಬಾಯಿಗೆ ಹಾಕಿದರು. ಮದುವೆ ವೈಶಾಖದಲ್ಲಿ, ಇಲ್ಲೇ ಲಂಡನ್ನಿನಲ್ಲಿ, ತಾವು ಅಲ್ಲಿಯ ತನಕ ಇಲ್ಲೇ ಇರುವುದಾಗಿ ಹೇಳಿದರು. ಹುಡುಗಿ ಬಾಯ್ತುಂಬ ಸಕ್ಕರೆಯಿಂದ ಮಾತಾಡಲಾರದೆ ಅತ್ತಳು. ರೋಹನ ಟಿಶ್ಯೂ ಡಬ್ಬಿಯನ್ನೇ ತಂದಿಟ್ಟ. ಬಸವಂತಪ್ಪ ಬೀಗರನ್ನು ಅಪ್ಪಿಕೊಂಡ. ಬೀಗರು ಇನ್ನೂ ಸ್ವಲ್ಪ ನಡುಗುತ್ತಿದ್ದರು.

ಮುರಿಗೆಪ್ಪ ಮೂಲೆಯಲ್ಲಿ ವೈರು ಸುತ್ತಿಕೊಳ್ಳುತ್ತಿದ್ದ. ಯಾರ ಕಣ್ಣಿಗೂ ಬೀಳದೆ ಹೊರಗೆ ಹೋದರೆ ಸಾಕಿತ್ತು ಅವನಿಗೆ.

"ಏ ತಮ್ಮಾ, ಎಲ್ಲಿಗೆ ಹೊಂಟಿ?" ಎಂದು ವಿಶಾಲಾಕ್ಷಮ್ಮ ಕೂಗಿದರು. "ಇಷ್ಟು ವರ್ಷ ನಮ್ಮ ಮನಿ ಫೋಟೋದಾಗ ಎಲ್ಲಾರೂ ಕಂಬದಂಗ ನಿಂತಾರ. ಯಾರ ಹೊಟ್ಟ್ಯಾಗ ಏನೈತಿ ತಿಳಿಯೂದಿಲ್ಲ. ಖರೇ ಮುಖ ತೆಗದಾಂವ ನೀ ಒಬ್ಬನ. ಮದುವಿ ಫೋಟೋನೂ ನೀನ ತೆಗೀಬೇಕು."

"ಬ್ಯಾಡ!"

ಅಂದದ್ದು ಬಸವಂತಪ್ಪ, ಗಿರಿಜಾದೇವಿ, ಉಮಾಶಂಕರರು, ಐಶ್ವರ್ಯಾ, ರೋಹನ, ಎಲ್ಲರಿಗಿಂತ ಗಟ್ಟಿಯಾಗಿ ಉಷಾ. ಎರಡು ಮನೆತನಗಳು ಒಂದೇ ಬಾಯಿಂದ ಆಡಿದ ಮೊದಲ ಮಾತು ಅದು. ಬೀಗತನ ಗಟ್ಟಿಯಾದದ್ದು ನಿಜವಾಗಿ ಆಗಲೇ.